ಸೆರೆ ಮುಗಿದ ಮೇಲೆ

ಅಮೃತಹಳ್ಳಿಯಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಸಾಗಿದರೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯೊಂದಿದೆ. (ನಗರದೊಳಗಿನ ಕೋರಮಂಗಲ ಬೇರೆ.) ದೀರ್ಘ ಶಿಕ್ಷೆಯ ಬಹುಭಾಗವನ್ನು ಸನ್ನಡತೆಯಿಂದ ಕಳೆದವರು ಅಲ್ಲಿ ಬೇಸಾಯ ಮಾಡಿಕೊಂಡಿರುತ್ತಾರೆ. ಸರ್ಕಾರವೇ ನಂಬಿದ ಇಂಥವರನ್ನು ಬಿಡುಗಡೆಯ ಮರುದಿನ ನಾವು ನಂಬುವುದಿಲ್ಲ. ನಮ್ಮ ಬಡಾವಣೆಯಲ್ಲಿ ಬಾಡಿಗೆಯ ಕೋಣೆ ದೊರೆಯಬೇಕಾದರೆ ಮುಂಗಡ ಹಣ, ಗುರುತಿನ ಚೀಟಿ, ಪರಿಚಿತರೊಬ್ಬರ ಮಾತು ಬೇಕು. ಹದಿನಾಲ್ಕು ವರ್ಷ ಒಳಗಿದ್ದವನ ಪರವಾಗಿ ಮಾತು ಕೊಡುವವರಾರು?

ಇಂಗ್ಲೆಂಡಿನಲ್ಲಿ ಈ ಕಾರ್ಯವನ್ನು 19ನೆಯ ಶತಮಾನದಲ್ಲಿ ಊರೂರಿನ ಸಣ್ಣ ದತ್ತಿಸಂಘಗಳು ವಹಿಸಿಕೊಂಡವು. 1862ರ ಕಾಯಿದೆಯಿಂದ ಅವುಗಳಿಗೆ ಮನ್ನಣೆ ದೊರೆಯಿತು. 1924ರಲ್ಲಿ ಅವುಗಳ ರಾಷ್ಟ್ರೀಯ ಒಕ್ಕೂಟವಾಯಿತು. ಅದೇ 1966ರಲ್ಲಿ 'ನ್ಯಾಕ್ರೋ' ಎಂಬ ಸಂಸ್ಥೆಯಾಗಿ ವಸತಿ, ತರಬೇತಿ, ಉದ್ಯೋಗಗಳವರೆಗೆ ಬೆಳೆಯಿತು. ನಮ್ಮಲ್ಲಿ 1954ರಷ್ಟು ಹಿಂದೆಯೇ ಗೋರೆ ಸಮಿತಿ ನೇಮಕವಾಗಿತ್ತು. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿಯೂ ಬಿಡುಗಡೆಯ ನಂತರದ ಆರೈಕೆಗೆ ಒಂದು ಅಧ್ಯಾಯವಿದೆ. ಅಧ್ಯಾಯಗಳಿಗೆ ಬರವಿಲ್ಲ, ಕೋಣೆಗಳಿಗಿದೆ.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿ 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ಶ್ರೀ ವಿದ್ಯಾಸಾಗರರ ಪ್ರೇರಣೆಯಿಂದ ಮಧ್ಯಪ್ರದೇಶದ ಸಾಗರದ ಕೇಂದ್ರ ಕಾರಾಗೃಹದಲ್ಲಿ ಕೈಮಗ್ಗಗಳು ಬಂದವು. ಕೈಗೆ ಕಸುಬು ಬಂದವನು ಹೊರಬಂದಾಗ ಬರಿಗೈಯವನಲ್ಲ. ಆದರೂ ಮಗ್ಗ ಹೂಡಲು ಅವನಿಗೊಂದು ಸೂರು ಬೇಕಷ್ಟೆ.

ಅಂಜನಚೋರನ ಕಥೆಯನ್ನು ಮಕ್ಕಳಿಗೆ ಅಭಿಮಾನದಿಂದ ಹೇಳುವವರು ನಾವು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರಿದವನನ್ನು ಮರಳಿ ನೆಲೆಗೆ ನಿಲ್ಲಿಸುವುದು. ಅದು ಸಾಧರ್ಮಿಕರಿಗೆ ಮಾತ್ರವೆಂದು ವಾದಿಸುವವರಿದ್ದಾರೆ. ಶಾಸ್ತ್ರದ ಮಟ್ಟಿಗೆ ಅವರ ಮಾತನ್ನು ಅಲ್ಲಗಳೆಯಲಾರೆ. ಆದರೆ ಕರುಣಾದಾನಕ್ಕೆ ಆ ಗಡಿಯಿಲ್ಲವಲ್ಲ!

ನಾನು ಹೋಗುವ ಬಸದಿಯ ವಿಶ್ವಸ್ತ ಮಂಡಳಿಯಲ್ಲಿ ಈ ವಿಷಯವನ್ನೆತ್ತಿದಾಗ ಹಿರಿಯರೊಬ್ಬರು, "ಪೂಜೆಯ ಬೆಳ್ಳಿ ಸಾಮಾನುಗಳಿವೆ, ಮಕ್ಕಳು ಪಾಠಶಾಲೆಗೆ ಬರುತ್ತಾರೆ, ಹೊಣೆ ಯಾರದು?" ಎಂದರು. ಅದು ಕಟುಕತನವಲ್ಲ, ಒಪ್ಪಿಸಿಕೊಂಡ ಆಸ್ತಿಯ ಮೇಲಿನ ಎಚ್ಚರ. ನಾನು ವಿನಂತಿಸಿದ್ದಿಷ್ಟೆ: ಬೆಳ್ಳಿಯ ಬೀಗದ ಕೈ ಈಗಿರುವವರ ಬಳಿಯೇ ಇರಲಿ, ಯಾತ್ರಿನಿವಾಸದ ಹಿಂಬದಿಯ ಕೋಣೆಯನ್ನು ಒಬ್ಬನಿಗೆ ಆರು ತಿಂಗಳ ಮಟ್ಟಿಗೆ ಕೊಡೋಣ, ತೋಟದ ಕೆಲಸಕ್ಕೆ ಸಲ್ಲುವ ಕೂಲಿಯನ್ನು ಸಲ್ಲಿಸೋಣ, ಅವನ ಪರವಾಗಿ ನಾನು ಸಹಿ ಹಾಕುತ್ತೇನೆ. ಪರ ವಿರೋಧ ಸಮಸಮವಾಗಿದ್ದುದರಿಂದ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಕೋಣೆಗೆ ಸುಣ್ಣ ಬಳಿಸಲು ಮಾತ್ರ ಆ ಹಿರಿಯರೇ ಒಪ್ಪಿಗೆ ಕೊಟ್ಟರು.