ಚುರುಟಿನ ಪೆಟ್ಟಿಗೆಯೊಳಗಿನ ಹವೆ

ಕ್ಯೂಬಾದ ಪಶ್ಚಿಮಕ್ಕೆ ಪಿನಾರ್ ದೆಲ್ ರಿಯೊ ಪ್ರಾಂತ್ಯ. ಅಲ್ಲಿನ ವಿನ್ಯಾಲೆಸ್ ಕಣಿವೆ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆಂಪು ಮಣ್ಣಿನ ಹೊಲಗಳ ನಡುವೆ ಥಟ್ಟನೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು. ಬುಡದಲ್ಲಿ ತಾಳೆಗರಿ ಹೊದಿಸಿದ ಎತ್ತರದ ಕೊಟ್ಟಿಗೆಗಳು. ಒಳಗೆ ದನಗಳಿಲ್ಲ, ಕೋಲುಗಳಿಗೆ ತೂಗುಬಿಟ್ಟ ಹೊಗೆಸೊಪ್ಪು.

ಸೊಪ್ಪು ಹದವಾಗಿ ಒಣಗುವವರೆಗೆ ರೈತನ ಕಣ್ಣು ಬಾಗಿಲ ಮೇಲೆಯೇ. ಹೊರಗೆ ಗಾಳಿ ತೀರ ಒಣಗಿದ್ದರೆ ಮುಚ್ಚಬೇಕು; ಒಳಗೆ ತೇವ ಕಟ್ಟಿದರೆ ತೆರೆಯಬೇಕು. ತಪ್ಪಿದರೆ ಎಲೆಗೆ ಬೂಷ್ಟು ಹಿಡಿಯುತ್ತದೆ, ಇಲ್ಲವೇ ಪುಡಿಯಾಗುತ್ತದೆ. 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಇಂಥ ಸಾವಿರಾರು ಕೊಟ್ಟಿಗೆಗಳನ್ನು ಕೆಡವಿತು.

ಸುತ್ತಿ ಮುಗಿದ ಚುರುಟಿಗೂ ಈ ಕಾವಲು ತಪ್ಪದು. ಅದನ್ನಿಡುವ ಪುಟ್ಟ ಪೆಟ್ಟಿಗೆ ಹ್ಯೂಮಿಡಾರ್. ಒಳಮೈಗೆ ಸೀಡರ್ ಹಲಗೆ, ಸಾಪೇಕ್ಷ ತೇವಾಂಶ ಶೇ. 65ರಿಂದ 70. ಪೆಟ್ಟಿಗೆ ಚಿಕ್ಕದಾದಷ್ಟೂ ಹಠ ಹೆಚ್ಚು. ಮುಚ್ಚಳ ಒಮ್ಮೆ ತೆರೆದರೆ ಒಳಗಿನ ಗಾಳಿಯೆಲ್ಲ ಬದಲು. ತುಂಬಿದ್ದರೆ ಎಲೆ, ಹಲಗೆ ಎರಡೂ ತೇವವನ್ನು ಹೀರುತ್ತ, ಬಿಡುತ್ತ ಸರಿದೂಗಿಸುತ್ತವೆ. ಖಾಲಿಯಿದ್ದರೆ ಮಾಪಕದ ಮುಳ್ಳು ಓಲಾಡುತ್ತದೆ. ಹೊಸ ಪೆಟ್ಟಿಗೆಯ ಒಣ ಹಲಗೆಯಂತೂ ಚುರುಟಿನ ತೇವವನ್ನೇ ಕುಡಿದುಬಿಡುತ್ತದೆ. ಅದಕ್ಕೇ ಮೊದಲು ಹಲಗೆಯನ್ನು ಹದಗೊಳಿಸುತ್ತಾರೆ.

ಆ ತೇವಮಾಪಕವೇ ಸುಳ್ಳು ಹೇಳಿದರೆ? ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗದೆ ಕೆಸರಿನಂತಿರಬೇಕು. ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಮುಳ್ಳು 75ರಲ್ಲಿ ನಿಲ್ಲಬೇಕು. ಚುರುಟು ಆರೋಗ್ಯಕ್ಕೆ ಹಾನಿ, ಅದು ಮನೆಗೆ ಬೇಡ. ಪ್ರಯೋಗಕ್ಕೆ ಮಾತ್ರ ಮಕ್ಕಳೊಡನೆ ಅಪ್ಪ ಅಮ್ಮನೂ ಕೂರಬಹುದು. ನಮ್ಮ ಮನೆಯ ಮಾಪಕ 81 ತೋರಿಸಿತು. ಈಗ ಮಗಳು ಆರು ಕಳೆದೇ ಓದುತ್ತಾಳೆ.