ಊದುಗೊಳವೆಯಿಲ್ಲದ ಉರಿ

ಕಾರುಗಳಲ್ಲಿ ಎರಡು ಜಾತಿ. ದಿನದ ಕೆಲಸಕ್ಕೆ ಬೇಕಾದವು ಮೊದಲನೆಯವು. ಯಾವ ಕೆಲಸಕ್ಕೂ ಬೇಡವಾದರೂ ಮನಸ್ಸಿಗೆ ಬೇಕಾದವು ಎರಡನೆಯವು. ಇಟಲಿಯ ಫೆರಾರಿ, ಲ್ಯಾಂಬೋರ್ಗಿನಿ, ಜರ್ಮನಿಯ ಪೋರ್ಷೆ ಈ ಎರಡನೆಯ ಜಾತಿಯವು. ಅವನ್ನು ಕೊಳ್ಳುವ ಶಕ್ತಿ ನಮಗಿಲ್ಲ, ಮುಂದೆ ಬರುವ ಲಕ್ಷಣವೂ ಕಾಣದು. ಆದರೂ ಅವುಗಳ ಎಂಜಿನ್ನಿಗೆ ಒದಗಿರುವ ಕಷ್ಟವನ್ನು ಕುರಿತು ನಾಲ್ಕು ಮಾತು ಬರೆಯೋಣವೆನಿಸಿತು. ಮೈಸೂರು ಅರಮನೆಯನ್ನು ಕೊಳ್ಳಲಾರದವರೂ ಅದರ ದೀಪಾಲಂಕಾರ ನೋಡಿ ಸಂತೋಷಪಡುವುದಿಲ್ಲವೇ?

ಸಂಗತಿ ಇಷ್ಟು. ಎಂಜಿನ್ನೂ ನಮ್ಮಂತೆಯೇ ಉಸಿರಾಡುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಹೊರಗಿನ ಗಾಳಿ ತನ್ನ ಒತ್ತಡದಿಂದಲೇ ಒಳಗೆ ಬರುತ್ತದೆ. ಪೆಟ್ರೋಲಿನೊಡನೆ ಸೇರಿ ಉರಿಯುತ್ತದೆ. ಹೀಗೆ ಸಹಜವಾಗಿ ಉಸಿರೆಳೆಯುವುದು ಹಳೆಯ ಪದ್ಧತಿ. ಟರ್ಬೊ ಎಂಬುದು ಸೌದೆಯೊಲೆಯ ಮುಂದೆ ಅಜ್ಜಿ ಹಿಡಿಯುತ್ತಿದ್ದ ಊದುಗೊಳವೆಯಂತೆ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗಿ, ಹೆಚ್ಚಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಉರಿ, ಉರಿ ಹೆಚ್ಚಿದಷ್ಟೂ ಬಲ. ಸಹಜ ಉಸಿರಿನ ಎಂಜಿನ್ನಿಗೆ ಈ ಅನುಕೂಲವಿಲ್ಲ. ಮಂಗಳೂರಿನ ಸಮುದ್ರದಂಡೆಯಲ್ಲಿ ಅದಕ್ಕಿದ್ದ ಬಲ, 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಬಲ ಬೇಕಾದರೆ ಅದಕ್ಕಿರುವ ಮುಖ್ಯ ದಾರಿ ಬೇಗ ಬೇಗ ಉಸಿರಾಡುವುದು, ಎಂದರೆ ವೇಗವಾಗಿ ತಿರುಗುವುದು. ಅದರ ದನಿ ಅಷ್ಟು ಎತ್ತರಕ್ಕೇರುವುದು ಅದಕ್ಕೇ.

ಆದರೆ ಲೆಕ್ಕದ ಮುಂದೆ ದನಿ ನಿಲ್ಲಲಾರದು. 2009ರಲ್ಲಿ ಬಂದ ಫೆರಾರಿ 458 ಕಾರಿನ 4.5 ಲೀಟರ್ ಎಂಜಿನ್ನು ನಿಮಿಷಕ್ಕೆ 9,000 ಸುತ್ತು ತಿರುಗಿ 570 ಅಶ್ವಶಕ್ತಿ ಕೊಡುತ್ತಿತ್ತು. 2015ರಲ್ಲಿ ಅದರ ಸ್ಥಾನಕ್ಕೆ ಬಂದ 488ರದು 3.9 ಲೀಟರಿನ ಎಂಜಿನ್ನು, ಜೊತೆಗೆ ಎರಡು ಟರ್ಬೊ, ಶಕ್ತಿ 670. ಎಂಜಿನ್ನು ಚಿಕ್ಕದಾಯಿತು, ಬಲ ನೂರು ಹೆಚ್ಚಿತು, ಹೊಗೆಯ ಪರೀಕ್ಷೆಯಲ್ಲಿ ಇಂಗಾಲದ ಅಂಕವೂ ತಗ್ಗಿತು. ಕಾಗದದ ಮೇಲೆ ಲೆಕ್ಕ ಹಾಕುವವನು ಯಾವುದನ್ನು ಆರಿಸಿಯಾನು? ಲ್ಯಾಂಬೋರ್ಗಿನಿಯವರೂ ಹುರಾಕಾನ್ ಕಾರಿನ ಹತ್ತು ಸಿಲಿಂಡರಿನ ಸಹಜ ಎಂಜಿನ್ನನ್ನು ಬಿಟ್ಟು, 2024ರಲ್ಲಿ ತೋರಿಸಿದ ಟೆಮೆರಾರಿಯೊಗೆ ಎರಡು ಟರ್ಬೊ ಮತ್ತು ವಿದ್ಯುತ್ ಮೋಟಾರುಗಳನ್ನು ಜೋಡಿಸಿದರು.

ದೆಹಲಿಯವರಾದ ನಮಗೆ ಈ ವಿಷಯ ಬರಿಯ ಓದಿನದಲ್ಲ. 2011ರ ಅಕ್ಟೋಬರ್ 30ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದಾಗ, ನಾವು ನಾಲ್ಕು ಮಂದಿ ಗೆಳೆಯರು ಕಡಿಮೆ ದರದ ಟಿಕೆಟು ಹಿಡಿದು ಹೋಗಿದ್ದೆವು. ದೀಪಾವಳಿ ಮುಗಿದು ನಾಲ್ಕೇ ದಿನವಾಗಿತ್ತು. ಪಟಾಕಿಗೆ ಕಿವಿ ಒಗ್ಗಿದೆಯೆಂಬ ಧೈರ್ಯ ನಮ್ಮದು. ಆ ಕಾರುಗಳಲ್ಲಿದ್ದುದು ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್ನು. ನಿಮಿಷಕ್ಕೆ 18,000 ಸುತ್ತು, ಎಂದರೆ ಕ್ಷಣಕ್ಕೆ ಮುನ್ನೂರು! ಅವೆಲ್ಲ ಒಟ್ಟಿಗೆ ಹೊರಟಾಗ ದನಿ ಕಿವಿಗಲ್ಲ, ಎದೆಗೆ ತಾಗಿತು. ಪಕ್ಕದಲ್ಲಿ ಕುಳಿತ ಗೆಳೆಯರು ಏನೋ ಕೂಗಿ ಹೇಳಿದರು. ಅದೇನೆಂದು ಇಂದಿಗೂ ತಿಳಿಯದು. ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್. 2012, 2013ರಲ್ಲಿಯೂ ಅಲ್ಲಿ ಗೆದ್ದವನು ಅವನೇ. ಆಮೇಲೆ ಪಂದ್ಯ ಇಲ್ಲಿಗೆ ಬರಲಿಲ್ಲ. 2014ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ 1.6 ಲೀಟರಿನ ಟರ್ಬೊ ಎಂಜಿನ್ನು ಬಂದು ದನಿಯೂ ತಗ್ಗಿತು. ಹಳೆಯ ದನಿಯ ಕೊನೆಯ ಮೂರು ವರ್ಷ ನಮ್ಮ ಪಾಲಿಗೆ ಸಿಕ್ಕಿದ್ದು ಭಾಗ್ಯವೇ ಸರಿ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಅಕ್ಟೋಬರ್ ತಿಂಗಳ ಕೊನೆಗೆ ದೆಹಲಿಯ ಗಾಳಿ ಬೂದಿಬಣ್ಣಕ್ಕೆ ತಿರುಗುತ್ತದೆ. ಮಕ್ಕಳ ಶಾಲೆ ಮುಚ್ಚುತ್ತದೆ, ಮನೆಯ ಹಿರಿಯರ ಕೆಮ್ಮು ಶುರುವಾಗುತ್ತದೆ, ಹಳೆಯ ಕಾರುಗಳನ್ನು ರಸ್ತೆಗಿಳಿಸಬೇಡಿ ಎಂಬ ಆಜ್ಞೆ ಹೊರಡುತ್ತದೆ. ಬೆರಳೆಣಿಕೆಯ ಫೆರಾರಿಗಳಿಂದ ಈ ಹೊಗೆ ಬಂದದ್ದಲ್ಲ, ನಿಜ. ಆದರೂ ಮನುಷ್ಯರಿಗೇ ಉಸಿರಾಟ ಕಷ್ಟವಾದ ಊರಿನಲ್ಲಿ ಕುಳಿತು ಎಂಜಿನ್ನಿನ ಸಹಜ ಉಸಿರಿಗಾಗಿ ಅಳುವುದು ಹೇಗೆ? ಪಾದ ಒತ್ತಿದೊಡನೆ ಓಗೊಡುವುದೇ ಅದರ ಹೆಚ್ಚುಗಾರಿಕೆ ಎನ್ನೋಣವೆಂದರೆ, ವಿದ್ಯುತ್ ಮೋಟಾರು ಅದಕ್ಕಿಂತ ಬೇಗ ಓಗೊಡುತ್ತದೆ.

ಹಾಗಾದರೆ ಉಳಿಯುವುದೇನು? ದುಡಿಮೆ ಕಿವಿಗೆ ಕೇಳಿಸುವುದು. ಕಂಪನಿ ನಾಟಕದ ನಟ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಮಾತಿನ ಹಿಂದೆ ಅವನ ಎದೆಯ ಬಲ ತಿಳಿಯುತ್ತಿತ್ತು. ಮೈಕು ಬಂದದ್ದು ತಪ್ಪಲ್ಲ, ಎಲ್ಲರಿಗೂ ಚೆನ್ನಾಗಿ ಕೇಳಿಸಿತು. ಎದೆಯ ಬಲ ಮಾತ್ರ ಯಾರಿಗೂ ಬೇಡವಾಯಿತು.

ಸೋಜಿಗವೆಂದರೆ, ಈ ಎಂಜಿನ್ನನ್ನು ಮುಗಿಸಲು ಬಂತೆಂದುಕೊಂಡ ವಿದ್ಯುತ್ತೇ ಕೆಲವೆಡೆ ಅದಕ್ಕೆ ಆಸರೆಯಾಗಿದೆ. 2023ರ ಲ್ಯಾಂಬೋರ್ಗಿನಿ ರೆವುಯೆಲ್ಟೊದಲ್ಲಿ 6.5 ಲೀಟರಿನ ಹನ್ನೆರಡು ಸಿಲಿಂಡರುಗಳ ಸಹಜ ಎಂಜಿನ್ನಿದೆ. ನಿಧಾನದ ಓಟದಲ್ಲಿ ಅದಕ್ಕೆ ಕೊರತೆಯಾಗುವ ಬಲವನ್ನು ಮೂರು ಮೋಟಾರುಗಳು ತುಂಬಿಕೊಡುತ್ತವೆ. ಊದುಗೊಳವೆಯ ಅಗತ್ಯ ಬೀಳಲಿಲ್ಲ. 2024ರಲ್ಲಿ ಫೆರಾರಿಯವರು ತೋರಿಸಿದ ಹನ್ನೆರಡು ಸಿಲಿಂಡರಿನ ಕಾರಿಗಾದರೋ ಮೋಟಾರಿನ ನೆರವೂ ಇಲ್ಲ. ಅದು 9,500 ಸುತ್ತಿನವರೆಗೆ ತಾನೇ ಏರುತ್ತದೆ.

2035ರಿಂದ ಹೊಸ ಕಾರುಗಳು ಇಂಗಾಲವನ್ನು ಹೊರಬಿಡಲೇಬಾರದೆಂದು ಯುರೋಪಿನವರು 2023ರಲ್ಲಿ ನಿಯಮ ಮಾಡಿದರು. ಆ ಬಗ್ಗೆ ವಾದ ನಡೆದೇ ಇದೆ. ವರ್ಷಕ್ಕೆ 1,000ಕ್ಕಿಂತ ಕಡಿಮೆ ಕಾರು ನೋಂದಣಿಯಾಗುವ ತಯಾರಕರಿಗೆ ಅದರಲ್ಲಿ ವಿನಾಯಿತಿಯುಂಟು. ಅಂದಮೇಲೆ ಈ ಎಂಜಿನ್ನು ಸಾಯುವುದಿಲ್ಲ. ಸಿರಿವಂತರ ಕೊಟ್ಟಿಗೆ ಸೇರುತ್ತದೆ, ಅಷ್ಟೇ. ನಮಗೆ ಬೇಸರವಾಗುವುದು ಅಲ್ಲಿಯೇ. ಅದರ ಒಡೆತನ ಎಂದೂ ನಮ್ಮದಾಗಿರಲಿಲ್ಲ. ಬೇಲಿಯಾಚೆ ನಿಂತು ಕೇಳುವ ದನಿ ಮಾತ್ರ ಎಲ್ಲರದಾಗಿತ್ತು. ದಿನನಿತ್ಯದ ರಸ್ತೆಯಿಂದ ಹೊಗೆ ಹೋಗಲಿ, ನಮ್ಮ ಮಕ್ಕಳ ಎದೆ ಹಗುರವಾಗಲಿ. ಆದರೆ ವರ್ಷಕ್ಕೊಂದು ದಿನವಾದರೂ, ಊರ ಹೊರಗಿನ ಬಯಲಿನಲ್ಲಿ, ಒಂದೆರಡು ಹಳೆಯ ಎಂಜಿನ್ನುಗಳನ್ನು ಯಾರಾದರೂ ಓಡಿಸಲಿ, ಟಿಕೆಟು ಸೋವಿಯಾಗಿರಲಿ.