ಇಲ್ಲಿ ಮುಟ್ಟಿದ್ರ ಅಲ್ಲಿ!

ಲ್ಯಾಪ್‌ಟಾಪಿಗೆ ಇನ್ನೊಂದು ಟಚ್‌ಸ್ಕ್ರೀನ್ ಜೋಡಿಸಿದ ಲಿನಕ್ಸ್ ಗೆಳೆಯರಿಗೆ ಈ ತಮಾಷೆ ಗೊತ್ತಿರುತ್ತೆ. ಮುಟ್ಟೋದು ಒಂದು ಕಡೆ, ಬಾಣ ಓಡೋದು ಇನ್ನೊಂದು ಕಡೆ! ಚಿತ್ರ ಹೋಗೋದು ಎಚ್‌ಡಿಎಂಐ ಕೇಬಲ್ಲಿನಲ್ಲಿ, ಸ್ಪರ್ಶ ಬರೋದು ಯುಎಸ್‌ಬಿಯಲ್ಲಿ. ಎರಡೂ ಒಂದೇ ಪರದೆಯವು ಅಂತ ಎಕ್ಸ್ ಸರ್ವರ್‌ಗೆ ಗೊತ್ತಿಲ್ಲ. 1920 ಚುಕ್ಕೆ ಅಗಲದ ಎರಡು ಪರದೆ ಅಕ್ಕಪಕ್ಕ ಇದ್ದರೆ, ಅದಕ್ಕೆ ಅದು 3840ರ ಒಂದೇ ಹೊಲ. ಟಚ್‌ಸ್ಕ್ರೀನಿನ ನಟ್ಟನಡುವೆ ಮುಟ್ಟಿದರೆ ಬಾಣ ಬದುವಿನ ಮೇಲೆ ನಿಲ್ಲುತ್ತೆ.

ಹೊರ್ತಿಯಲ್ಲಿ ಅಪ್ಪನಿಗೆ ಕೈ ನಡುಕ, ಮೌಸ್ ಹಿಡಿಯೋಕಾಗಲ್ಲ. ಅವರಿಗಾಗಿಯೇ ಈ ಪರದೆ ಒಯ್ದಿದ್ದೆ. "ಇಲ್ಲಿ ಮುಟ್ಟಿದ್ರ ಅಲ್ಲಿ ಯಾಕ ಹೋಗ್ತೈತೋ ತಮ್ಮಾ? ನನ್ನ ಕೈ ನಡಗತಾವಂತೇನು?" ಅಂದ್ರು. ಕರುಳು ಚುರುಕ್ ಅಂತು.

ಎಕ್ಸ್‌ರಾಂಡರ್‌ನಿಂದ ಪರದೆಯ ಹೆಸರು, ಎಕ್ಸ್‌ಇನ್‌ಪುಟ್‌ನಿಂದ ಟಚ್ ಸಾಧನದ ಹೆಸರು ತಗೊಂಡು, ‘ಮ್ಯಾಪ್-ಟು-ಔಟ್‌ಪುಟ್’ ಅಂತ ಎರಡಕ್ಕೂ ಗಂಟು ಹಾಕಿದೆ. ಲಾಗಿನ್ ಆದಾಗಲೆಲ್ಲ ತಾನೇ ಓಡುವ ಹಾಗೆ ಸ್ಕ್ರಿಪ್ಟಲ್ಲೂ ಇಟ್ಟೆ, ಇಲ್ಲಾಂದ್ರೆ ಮರೆತುಬಿಡುತ್ತೆ. (ವೇಲ್ಯಾಂಡ್ ಇದ್ದವರಿಗೆ ಈ ಆಜ್ಞೆ ನಡೆಯಲ್ಲ.)

ಈಗ ಅಪ್ಪ ನಿಂಬೆಹಣ್ಣಿನ ದರ, ಪೇಪರು ಎಲ್ಲ ತಾವೇ ನೋಡ್ಕೋತಾರೆ. ಆದರೆ ಬಾಣ ಇಬ್ಬರಿಗೂ ಒಂದೇ ನೋಡಿ. ಅವರು ಮುಟ್ಟಿದಾಗಲೆಲ್ಲ ಪಕ್ಕದಲ್ಲಿ ಕೂತ ನನ್ನ ಟೈಪಿಂಗ್ ಅವರ ಕಿಟಕಿಗೆ ಹಾರುತ್ತೆ. ಅದಕ್ಕೂ ಉಪಾಯವಿದೆ, ಎರಡನೇ ಬಾಣ ಮಾಡಬಹುದು. ಸದ್ಯಕ್ಕೆ ಬೇಡ ಬಿಡಿ, ಅವರು ಓದಿ ಮುಗಿಸಲಿ :-)